ಒಳಗಡಲಿನಲ್ಲಿ ಯಾರೂ ಇರಲಿಲ್ಲ

ಹನ್ನೊಂದು ತಿಂಗಳು ಮರಳಲ್ಲಿ ಹೂತಿಟ್ಟ ತೆಂಗಿನ ಸಿಪ್ಪೆ ನಾರುತ್ತದೆ. ಕೊಳೆತ ಮೊಟ್ಟೆಯ ವಾಸನೆ. ಎತ್ತಿದ ಕೈಗೆ ಮೂರು ದಿನ ಅಂಟಿಕೊಂಡಿರುತ್ತದೆ, ನಿಂಬೆಹಣ್ಣು ತಿಕ್ಕಿದರೂ ಹೋಗುವುದಿಲ್ಲ. ಆ ಕೈಯಲ್ಲೇ ನಾನು ರೊಟ್ಟಿ ತಟ್ಟಿದ್ದೇನೆ. ಆ ಕೈಯಲ್ಲೇ ಮಗಳು ಲೈಶಾಳ ತಲೆ ಬಾಚಿದ್ದೇನೆ. ಶಾಲೆಯಲ್ಲಿ ಅವಳ ಪಕ್ಕ ಕೂರುವವರು ಮೂಗು ಮುಚ್ಚಿಕೊಂಡು ನಗುತ್ತಾರೆ. ಅವಳು ಮನೆಗೆ ಬಂದು ಅದನ್ನು ಹೇಳುವುದಿಲ್ಲ. ಹೇಳದಿದ್ದರೂ ನನಗೆ ಗೊತ್ತಾಗುತ್ತದೆ.

ನಮ್ಮದು ಮಿದಿಲಿಫುಶಿ ದ್ವೀಪದ ದಕ್ಷಿಣದ ತುದಿ. ದೋಣಿ ಇದ್ದವರ ಮನೆಗಳು ಬಂದರಿನ ಕಡೆ. ದೋಣಿ ಇಲ್ಲದವರು ಈ ಕಡೆ. ನಮ್ಮ ಗಂಡಸರು ರೆಸಾರ್ಟುಗಳಲ್ಲಿ ಹಾಸಿಗೆ ಬಟ್ಟೆ ಒಗೆಯುತ್ತಾರೆ, ಎರಡು ತಿಂಗಳಿಗೊಮ್ಮೆ ಮನೆಗೆ ಬರುತ್ತಾರೆ. ಹೆಂಗಸರು ಹಗ್ಗ ಹೊಸೆಯುತ್ತೇವೆ. ಆ ರೆಸಾರ್ಟುಗಳ ಗರಿಯ ಚಾವಣಿ ಬಿಗಿಯುವುದು ಈ ಹಗ್ಗದಿಂದಲೇ.

ಹವಳದ ದಿಬ್ಬ ಅಲೆಗಳನ್ನು ಹೊರಗೇ ತಡೆಯುತ್ತದೆ. ಅದರ ಈಚೆ ತೆಳ್ಳಗಿನ ನೀರು. ಅದು ನಮ್ಮ ಒಳಗಡಲು. ಇಳಿತದ ಹೊತ್ತಿಗೆ ನೀರು ಮೊಣಕಾಲಿಗೆ ಬರುತ್ತದೆ. ಆಗ ಹೋಗಿ ಕೈಯಲ್ಲಿ ಗುಂಡಿ ತೋಡುತ್ತೇವೆ. ಸಲಿಕೆ ಅಲ್ಲಿ ಕೆಲಸಕ್ಕೆ ಬರುವುದಿಲ್ಲ, ನೀರು ಮರಳನ್ನು ವಾಪಸು ತುಂಬುತ್ತದೆ. ಬೊಗಸೆಯಲ್ಲಿ ಎತ್ತಿ ಎತ್ತಿ ಹಾಕಬೇಕು. ಉಗುರು ಸವೆದು ಬೆರಳ ತುದಿ ಹಸಿಯಾಗುತ್ತದೆ. ಸೊಂಟದ ಆಳ ಆದ ಮೇಲೆ ಸಿಪ್ಪೆ ತುಂಬಿ, ಗರಿಯ ಚಾಪೆ ಮುಚ್ಚಿ, ಹವಳದ ಕಲ್ಲು ಹೇರಿ, ಮರಳು ಎಳೆಯುತ್ತೇವೆ. ಹನ್ನೊಂದು ತಿಂಗಳ ಮೇಲೆ ಕಪ್ಪಾಗಿ ಮೆತ್ತಗಾದ ಸಿಪ್ಪೆಯನ್ನು ತೆಗೆದು, ಮರದ ದಿಮ್ಮಿಯ ಮೇಲಿಟ್ಟು ಕೊಡತಿಯಲ್ಲಿ ಬಡಿಯಬೇಕು. ನಾರು ಬಿಳಿಯಾಗುವ ತನಕ ಬಡಿಯಬೇಕು. ಲೈಶಾ ಹೊಟ್ಟೆಯಲ್ಲಿದ್ದಾಗಲೂ ಬಡಿದಿದ್ದೇನೆ.

ಗುಂಡಿಗೆ ಗುರುತು ಹಾಕುವುದಿಲ್ಲ. ಕೋಲು ನೆಡುವುದಿಲ್ಲ, ಕಲ್ಲು ಇಡುವುದಿಲ್ಲ. ಜಾಗ ಗೊತ್ತಾಗಬೇಕಾದರೆ ಮಸೀದಿಯ ಗೋಪುರ ಹಲಸಿನಂಥ ಆ ದೀವಿಮರದ ಹಿಂದೆ ಮರೆಯಾಗಬೇಕು, ದಂಡೆಯ ಬಾಗಿದ ಕೇದಗೆ ಒಂದು ನಿರ್ದಿಷ್ಟ ಮನೆಯ ಮೂಲೆಗೆ ನೇರವಾಗಬೇಕು. ಅಲ್ಲಿ ಕಾಲಿಟ್ಟರೆ ಮರಳು ಬಿಸಿಯಾಗಿರುತ್ತದೆ, ನೀರಿನಲ್ಲಿ ಗಾಳಿಗುಳ್ಳೆ ಏಳುತ್ತದೆ. ಆ ಜಾಗವನ್ನು ಬಾಯಲ್ಲಿ ಹೇಳುವುದೂ ಇಲ್ಲ. ತಾಯಿ ಮಗಳನ್ನು ಕರೆದುಕೊಂಡು ಹೋಗಿ ಅಲ್ಲಿ ನಿಲ್ಲಿಸುತ್ತಾಳೆ, ಅಷ್ಟೆ. ಗುರುತು ಹಾಕಿದ ಗುಂಡಿ ಸತ್ತ ಗುಂಡಿ ಎನ್ನುತ್ತಿದ್ದಳು ನನ್ನಮ್ಮ ಸಕೀನಾ. ಕಣ್ಣು ಬೀಳುತ್ತದೆ, ಸಿಪ್ಪೆ ನಾರಾಗದೆ ಗೊಬ್ಬರವಾಗುತ್ತದೆ. ನಲವತ್ತಮೂರು ಹೆಂಗಸರ ನಲವತ್ತಮೂರು ಗುಂಡಿಗಳು ಅಲ್ಲಿದ್ದವು. ಮೇಲಿನಿಂದ ನೋಡಿದರೆ ಬರೀ ಮರಳು.

ಈ ಪದ್ಧತಿಯೇ ನಮ್ಮ ಕುತ್ತಿಗೆಗೆ ಬಂತು.

ವಿಮಾನ ಬೇಡವೆಂದು ನಾನು ಯಾವತ್ತೂ ಹೇಳಿಲ್ಲ. ನನ್ನ ಮೊದಲ ಮಗ ನಾಯಿಫ್. ಆರು ವರ್ಷ. ಜೂನ್ ತಿಂಗಳಲ್ಲಿ ಜ್ವರ ಬಂತು. ನಾಲ್ಕು ದಿನ ಕಡಲು ಎದ್ದು ನಿಂತಿತ್ತು, ದಿಬ್ಬದ ಬಾಯಿ ದಾಟಲು ಒಂದು ದೋಣಿಗೂ ಆಗಲಿಲ್ಲ. ಐದನೇ ದಿನ ಕಡಲು ಮಲಗಿತು. ಆಗ ಆಸ್ಪತ್ರೆ ಬೇಕಾಗಿರಲಿಲ್ಲ. ಹಾಗಾಗಿ ಶಾಲೆಯ ಅಂಗಳದಲ್ಲಿ ಸಭೆ ಕರೆದು, ದ್ವೀಪಕ್ಕೆ ವಿಮಾನ ಯಾರಿಗೆ ಬೇಕು ಕೈ ಎತ್ತಿ ಎಂದಾಗ ನಾನು ಎಲ್ಲರಿಗಿಂತ ಮೊದಲು ಎತ್ತಿದೆ. ಎತ್ತಿದ ಕೈಗಳ ಫೋಟೋ ತೆಗೆದುಕೊಂಡರು.

ರನ್‌ವೇಯನ್ನು ಮೊದಲು ಬರೆದಿದ್ದು ಉತ್ತರದ ಮರಳು ದಿಣ್ಣೆಯ ಮೇಲೆ. ಅಲ್ಲಿ ಯಾರ ಗುಂಡಿಯೂ ಇಲ್ಲ. ಆಮೇಲೆ ಆ ದಿಣ್ಣೆಯ ಎದುರಿನ ಪುಟ್ಟ ದ್ವೀಪ ಹೊಸ ರೆಸಾರ್ಟಿಗೆ ಹೋಯಿತು. ಅತಿಥಿಗಳ ನಿದ್ದೆಗೆ ವಿಮಾನದ ಸದ್ದು ಆಗುವುದಿಲ್ಲವಂತೆ. ಗೆರೆ ದಕ್ಷಿಣಕ್ಕೆ ಸರಿಯಿತು. ನಮ್ಮ ನಿದ್ದೆಯನ್ನು ಯಾರೂ ಕೇಳಲಿಲ್ಲ. ನಮ್ಮ ಒಳಗಡಲಿಗೆ ಮರಳು ತುಂಬಿ ನೆಲ ಮಾಡುವುದೆಂದು ತೀರ್ಮಾನವಾಯಿತು.

ಪರಿಸರದ ಪರೀಕ್ಷೆಗೆಂದು ರಾಜಧಾನಿಯಿಂದ ಇಬ್ಬರು ಬಂದರು. ಶುಕ್ರವಾರ, ನಡು ಮಧ್ಯಾಹ್ನ. ಗಂಡಸರು ನಮಾಜಿಗೆ ಹೋಗಿದ್ದರು. ಭರತದ ಹೊತ್ತು, ಎದೆಮಟ್ಟ ನೀರು. ಆ ಹೊತ್ತಿಗೆ ಯಾವ ಹೆಂಗಸೂ ಅಲ್ಲಿರುವುದಿಲ್ಲ. ಅವರು ದಂಡೆಯ ಮೇಲೆ ನಿಂತು ಡ್ರೋನ್ ಹಾರಿಸಿದರು. ಕಾಲು ಒದ್ದೆ ಮಾಡಿಕೊಳ್ಳಲಿಲ್ಲ. ಎಳನೀರು ಕುಡಿದು ದೋಣಿ ಹತ್ತಿದರು.

ಮೂರು ತಿಂಗಳ ಮೇಲೆ ವರದಿ ಬಂತು. ಇನ್ನೂರು ಪುಟ, ಇಂಗ್ಲಿಷಿನಲ್ಲಿ. ದ್ವೀಪದ ಕೌನ್ಸಿಲ್ ಕಚೇರಿಯ ಮುಂದೆ ನೇತುಹಾಕಿದ್ದರು. ನಮ್ಮ ಭಾಗದ ಎರಡು ಪುಟಗಳ ಫೋಟೋವನ್ನು ಲೈಶಾ ಫೋನಿನಲ್ಲಿ ತೆಗೆದುಕೊಂಡು ಬಂದಳು. ನಾನು ಹಿಟ್ಟು ಕಲಸುತ್ತಿದ್ದೆ. ಅವಳು ಒಲೆಯ ಪಕ್ಕ ಕೂತು ಓದಿ ಓದಿ ನಮ್ಮ ಮಾತಿಗೆ ತಿರುಗಿಸಿ ಹೇಳಿದಳು. ಇಷ್ಟು ಬಗೆಯ ಮೀನು, ಇಷ್ಟು ಬಗೆಯ ಏಡಿ, ಇಷ್ಟು ಕಡಲಸೌತೆ. ಎಲ್ಲದರ ಲೆಕ್ಕ ಇತ್ತು. ಆಮೇಲೆ ನಿಧಾನವಾಗಿ ಒಂದು ಸಾಲು ಓದಿದಳು.

“ಈ ಭಾಗದಲ್ಲಿ ಮನುಷ್ಯರ ಬಳಕೆ ಕಂಡುಬಂದಿಲ್ಲ.”

ನಾನು ಹಿಟ್ಟಿನಿಂದ ಕೈ ತೆಗೆಯಲಿಲ್ಲ.

“ಏಡಿ ಎಣಿಸಿದ್ದಾರೆ ಅಮ್ಮಾ,” ಎಂದಳು ಅವಳು. “ನಿನ್ನನ್ನ ಎಣಿಸಿಲ್ಲ.”

ಎರಡನೇ ಸಭೆಯಲ್ಲಿ ನಾವು ಮಾತಾಡಬೇಕಿತ್ತು. ಹವ್ವಾ ದತ್ತಾ ಎದ್ದು ನಿಂತಳು. ಅವಳಿಗೆ ಎಪ್ಪತ್ತು ದಾಟಿದೆ. ದ್ವೀಪದ ಅರ್ಧ ಜನಕ್ಕೆ ಅಜ್ಜಿಯಾಗುವ ವಯಸ್ಸು, ಆದರೂ ಎಲ್ಲರೂ ದತ್ತಾ ಎಂದೇ ಕರೆಯುವುದು, ಅಕ್ಕ ಎಂದರೆ ಅವಳಿಗೆ ಇಷ್ಟ. ಅಲ್ಲಿ ನಮ್ಮ ಗುಂಡಿಗಳಿವೆ ಎಂದಳು. ಕೌನ್ಸಿಲ್ ಅಧ್ಯಕ್ಷ ಶಿಯಾಮ್ ಗೋಡೆಯ ಮೇಲೆ ಡ್ರೋನಿನ ಚಿತ್ರ ಬೀಳಿಸಿ, ಎಲ್ಲಿವೆ ಬಂದು ಬೆರಳಿಟ್ಟು ತೋರಿಸಿ ಎಂದ. ನೀಲಿ ನೀರು, ಬಿಳಿ ಮರಳು. ಇನ್ನೂರು ಜನ ಗಂಡಸರು ತಿರುಗಿ ನೋಡುತ್ತಿದ್ದರು. ಹವ್ವಾ ದತ್ತಾ ತೋರಿಸಲಿಲ್ಲ. ನಾನೂ ತೋರಿಸಲಿಲ್ಲ. ನಲವತ್ತಮೂರು ಹೆಂಗಸರು ಬಾಯಿ ಮುಚ್ಚಿಕೊಂಡು ಕೂತೆವು. ಗಂಡನಿಗೂ ತೋರಿಸದ ಜಾಗವನ್ನು ಗೋಡೆಯ ಮೇಲೆ ಹೇಗೆ ತೋರಿಸುವುದು? ಆವತ್ತು ನಾವು ಮಾಡಿದ್ದು ತಪ್ಪು. ಅದನ್ನು ಬೇರೆಯವರ ತಲೆಗೆ ಕಟ್ಟುವುದಿಲ್ಲ.

“ಸಿಪ್ಪೆ ನೆನೆಸೋಕೆ ಕಡಲೇ ಬೇಕಾ ದತ್ತಾ?” ಎಂದ ಶಿಯಾಮ್. “ನಮ್ಮನೆಯಿಂದ ಒಂದು ಬಕೆಟ್ ಕಳಿಸ್ತೀನಿ.”

ಎಲ್ಲರೂ ನಕ್ಕರು. ಮುಂದಿನ ಸಾಲಿನಲ್ಲಿ ಕೂತಿದ್ದ ನಮ್ಮದೇ ಗಂಡಸರು ಇಬ್ಬರು ನಕ್ಕರು.

ಆ ಸಭೆಯಲ್ಲೇ ಯುಮ್ನಾ ಎಂಬ ಹುಡುಗಿ ಮಾತಾಡಿದ್ದು. ಪರಿಸರ ಕಚೇರಿಯವಳು, ಇಪ್ಪತ್ತಾರು ಇಪ್ಪತ್ತೇಳು ವರ್ಷ, ಮೆತ್ತಗಿನ ಮಾತು. ಅಭಿವೃದ್ಧಿಯೂ ಬೇಕು, ಪರಿಸರವೂ ಬೇಕು, ಎರಡನ್ನೂ ತೂಗಿಸಿಕೊಂಡು ಹೋಗಬೇಕು ಎಂದು ವಿವರಿಸಿದಳು. ದಕ್ಷಿಣದ ಒಳಗಡಲು ರನ್‌ವೇಗೆ ಹೋಗುತ್ತದೆ. ಅದಕ್ಕೆ ಬದಲಾಗಿ ಪಶ್ಚಿಮದ ಒಳಗಡಲನ್ನು ಪೂರ್ತಿಯಾಗಿ ಕಾಪಾಡುತ್ತಾರೆ. ಅಲ್ಲಿ ಯಾರೂ ಇಳಿಯುವಂತಿಲ್ಲ, ತೋಡುವಂತಿಲ್ಲ, ಏನೂ ತೆಗೆಯುವಂತಿಲ್ಲ. ಅವಳ ಚಿತ್ರದಲ್ಲಿ ತಕ್ಕಡಿಯ ಎರಡು ತಟ್ಟೆಗಳು ಸಮವಾಗಿ ನಿಂತಿದ್ದವು. ದಕ್ಷಿಣ ಬಿಟ್ಟರೆ ಸಿಪ್ಪೆ ಹೂಳಲು ಬರುವ ಮರಳು ಇರುವುದು ಪಶ್ಚಿಮದಲ್ಲಿ ಮಾತ್ರ. ಒಂದು ತಟ್ಟೆಯಲ್ಲಿ ನಮ್ಮನ್ನು ಹೂಳುತ್ತಾರೆ, ಇನ್ನೊಂದರಿಂದ ನಮ್ಮನ್ನು ಓಡಿಸುತ್ತಾರೆ. ತೂಕ ಸರಿಹೋಯಿತು.

ಪಶ್ಚಿಮದ ದಂಡೆಗೆ ಬೋರ್ಡು ಬಂತು. ಹವ್ವಾ ದತ್ತಾ ಬೋರ್ಡಿಗೆ ಹೆದರುವವಳಲ್ಲ. ಒಂದು ಬೆಳಿಗ್ಗೆ ಸಿಪ್ಪೆಯ ಬುಟ್ಟಿ ಹೊತ್ತುಕೊಂಡು ಇಳಿದಳು. ಕಾವಲಿನವನು ಹಿಡಿದು ಕೌನ್ಸಿಲ್ ಕಚೇರಿಗೆ ಕರೆತಂದ. ಒದ್ದೆ ಬಟ್ಟೆ ಮೈಗಂಟಿಕೊಂಡಿತ್ತು. ತಲೆಯ ವಸ್ತ್ರ ಜಾರಿತ್ತು. ಬಟ್ಟೆ ಬದಲಾಯಿಸಿ ಬರುತ್ತೇನೆ ಎಂದರೆ ಬಿಡಲಿಲ್ಲ. ಸಿಪ್ಪೆಯ ಬುಟ್ಟಿಯನ್ನು ಕೈಯಲ್ಲಿ ಹಿಡಿಸಿ, ಸಾಕ್ಷಿಗೆ ಬೇಕೆಂದು ಫೋಟೋ ತೆಗೆದರು. ಎದುರಿನಿಂದ ಒಂದು, ಪಕ್ಕದಿಂದ ಒಂದು. ಅದೇ ವಾರ ರೆಸಾರ್ಟಿನ ದೋಣಿ ಹನ್ನೆರಡು ಅತಿಥಿಗಳನ್ನು ತಂದು ಅದೇ ನೀರಿಗೆ ಇಳಿಸಿತು. ಅವರ ಹತ್ತಿರ ಪರವಾನಗಿ ಇತ್ತು.

ನಾನು ಸಂಜೆ ಹವ್ವಾ ದತ್ತಾಳ ಮನೆಗೆ ಮೀನಿನ ಸಾರು ತೆಗೆದುಕೊಂಡು ಹೋದೆ. ಅವಳು ಗೋಡೆಗೆ ಮುಖ ಮಾಡಿ ಮಲಗಿದ್ದಳು. ಬೆನ್ನು ಸವರಿದೆ. ಅವಳು ಅಳಲಿಲ್ಲ.

“ಮೈ ಕಾಣ್ತಿತ್ತು ಕಣೇ,” ಎಂದಳು. “ಅಷ್ಟೂ ಹೊತ್ತು ಬುಟ್ಟಿ ಅಡ್ಡ ಹಿಡ್ಕೊಂಡಿದ್ದೆ. ಕೆಳಗಿಳಿಸಿ ಅಂದ್ರು.”

ಮರಳು ಎತ್ತುವ ಹಡಗು ಬಂದು ದಿಬ್ಬದ ಹೊರಗೆ ನಿಂತಿತು. ದಪ್ಪ ಕೊಳವೆಗಳನ್ನು ದಂಡೆಗೆ ಎಳೆದರು. ಕೊನೆಯ ಅನುಮತಿಗೆ ಒಂದು ಕಾಗದ ಬಾಕಿ ಇತ್ತಂತೆ. ಅದನ್ನು ಹಿಡಿದು ಯುಮ್ನಾ ಮನೆಮನೆಗೆ ಬಂದಳು. ನನ್ನ ಅಡುಗೆಮನೆಯ ಮಣೆಯ ಮೇಲೆ ಕೂತು ಕಪ್ಪು ಚಹಾ ಕುಡಿದಳು. ಲೈಶಾಳ ಓದಿನ ಬಗ್ಗೆ ಕೇಳಿದಳು. ಕೆಟ್ಟ ಹುಡುಗಿಯಲ್ಲ. ಕಾಗದದಲ್ಲಿ ಎರಡೇ ಸಾಲು: ದಕ್ಷಿಣದ ಒಳಗಡಲನ್ನು ನಾನು ಯಾವ ಕೆಲಸಕ್ಕೂ ಬಳಸುತ್ತಿಲ್ಲ, ನನ್ನ ಆಕ್ಷೇಪ ಇಲ್ಲ. ಸಹಿ ಮಾಡಿದವರಿಗೆ ಹೊಲಿಗೆ ಯಂತ್ರ ಕೊಡುತ್ತಾರೆ, ಮೂರು ವಾರ ತರಬೇತಿ ಕೊಡುತ್ತಾರೆ.

“ಕೈಗೂ ಆರಾಮ ದತ್ತಾ,” ಎಂದಳು ನನ್ನ ಬೆರಳುಗಳನ್ನು ನೋಡುತ್ತಾ.

ನಾನು ಒಲೆ ಆರಿಸಿದೆ. ಬಾ ಎಂದೆ. ಅವಳು ಚಪ್ಪಲಿ ಹುಡುಕಿದಳು, ಬೇಡ ಎಂದೆ. ಇಳಿತ ಶುರುವಾಗಿತ್ತು. ಅವಳ ಕೈ ಹಿಡಿದು ನೀರಿನಲ್ಲಿ ನಡೆಸಿದೆ. ಗೋಪುರ ಮರೆಯಾಗುವ ತನಕ, ಕೇದಗೆ ನೇರವಾಗುವ ತನಕ. ಈ ಜಾಗದಲ್ಲಿ ನನ್ನಮ್ಮ ನನ್ನನ್ನು ನಿಲ್ಲಿಸಿದಾಗ ನನಗೆ ಹನ್ನೆರಡು ವರ್ಷ. ಲೈಶಾಳನ್ನು ನಾನಿನ್ನೂ ನಿಲ್ಲಿಸಿರಲಿಲ್ಲ, ಅವಳು ಓದಲಿ ಎಂದು ಮುಂದೂಡುತ್ತಾ ಬಂದಿದ್ದೆ. ಸ್ವಂತ ಮಗಳಿಗಿಂತ ಮೊದಲು ಈ ಹುಡುಗಿಯನ್ನು ನಿಲ್ಲಿಸಿದೆ. ಅವಳ ಕಾಲು ಮರಳಲ್ಲಿ ಕುಸಿಯಿತು. ಗುಳ್ಳೆಗಳು ಎದ್ದವು. ವಾಸನೆ ಬಂತು. ಬಗ್ಗಿ ಮರಳು ಸರಿಸಿ, ಚಾಪೆಯ ಅಂಚಿನಡಿಯಿಂದ ಒಂದು ಸಿಪ್ಪೆ ಕಿತ್ತು ಅವಳ ಕೈಯಲ್ಲಿಟ್ಟೆ.

ಅವಳು ಅದನ್ನು ತಿರುಗಿಸಿ ನೋಡಿದಳು. ಇಂಥವು ಎಷ್ಟಿವೆ ಎಂದು ಕೇಳಿದಳು. ಹೇಳಿದೆ.

“ಮೊದಲೇ ಯಾಕೆ ತೋರಿಸ್ಲಿಲ್ಲ ದತ್ತಾ? ಚಿತ್ರದಲ್ಲಿ ಒಂದು ಗುರುತು ಇದ್ದಿದ್ರೂ...”

“ನೀವು ಬಂದು ಕೇಳಿದ್ರಾ? ನಿಮ್ಮ ಹಕ್ಕಿ ಬಂತು. ಅದೂ ಭರತದ ಹೊತ್ತಿಗೆ.”

ವರದಿಗೆ ಸಹಿ ಬಿದ್ದಾಗಿದೆ, ಈಗ ತನ್ನ ಕೈಯಲ್ಲಿ ಏನೂ ಇಲ್ಲ ಎಂದಳು. ಅವಳ ಕೈಯಲ್ಲಿ ನನ್ನ ಸಿಪ್ಪೆ ಇತ್ತು. ಅದನ್ನು ಎಲ್ಲಿಡಬೇಕೆಂದು ತಿಳಿಯದೆ ನಿಂತಿದ್ದಳು. ಕಾಗದಕ್ಕೆ ನಾನು ಸಹಿ ಹಾಕಲಿಲ್ಲ. ಹಾಕಿದವರು ಹನ್ನೊಂದು ಜನ, ಅನುಮತಿಗೆ ಅಷ್ಟೇ ಸಾಕಾಯಿತು. ಅವರನ್ನು ನಾನು ದೂರುವುದಿಲ್ಲ. ಅವರ ಮನೆಗಳಿಗೆ ಯಂತ್ರ ಬಂದಿದೆ, ಹೊಲಿಯಲು ಬಟ್ಟೆ ತರುವ ದೋಣಿ ಬಂದಿಲ್ಲ.

ಆವತ್ತೇ ಹವ್ವಾ ದತ್ತಾಳಿಗೆ ಹೇಳಿದೆ, ಗುಂಡಿಯನ್ನು ಹೊರಗಿನವಳಿಗೆ ತೋರಿಸಿಬಿಟ್ಟೆ ಎಂದು. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಎದ್ದು ಹಿತ್ತಲಿಗೆ ಹೋಗಿ ಒಂದು ಉದ್ದ ಕೋಲು ತಂದಳು. ತನ್ನ ಹಳೇ ಕೆಂಪು ವಸ್ತ್ರವನ್ನು ಹರಿದು ಅದರ ತುದಿಗೆ ಕಟ್ಟಿದಳು.

“ಹೇಗೂ ಸಾಯೋ ಗುಂಡಿ,” ಎಂದಳು. “ಹೆಸರು ಹೇಳಿ ಸಾಯ್ಲಿ.”

ಮರುದಿನ ಇಳಿತಕ್ಕೆ ಕೋಲು ನೆಟ್ಟೆವು. ಸಹಿ ಹಾಕಿದವರೂ ಬಂದರು. ಒಬ್ಬೊಬ್ಬಳೂ ತನ್ನ ಗುಂಡಿಯ ಮುಂದೆ ಸ್ವಲ್ಪ ಹೊತ್ತು ನಿಂತು ಆಮೇಲೆ ನೆಟ್ಟಳು. ನಾನು ಲೈಶಾಳನ್ನು ಕರೆದುಕೊಂಡು ಹೋಗಿದ್ದೆ. ಅವಳ ಕೈಯಲ್ಲೇ ನೆಡಿಸಿದೆ. ಅವಳು ಅಳುತ್ತಿದ್ದಳು, ಕೋಲನ್ನು ಮಾತ್ರ ಗಟ್ಟಿಯಾಗಿ ಒತ್ತುತ್ತಿದ್ದಳು. ಭರತ ಬಂದಾಗ ನೀರಿನ ಮೇಲೆ ನಲವತ್ತಮೂರು ಬಟ್ಟೆ ತುಂಡುಗಳು ಹಾರಾಡುತ್ತಿದ್ದವು. ಬಂದರಿನ ಕಡೆಯ ಗಂಡಸರು ಬಂದು ನೋಡಿ ಹೋದರು. ಆ ದಿನ ಯಾರೂ ನಗಲಿಲ್ಲ.

ಮೂರನೇ ದಿನ ಗುತ್ತಿಗೆಯವರ ಕೆಲಸಗಾರರು ದೋಣಿಯಲ್ಲಿ ಬಂದು ಕೋಲುಗಳನ್ನೆಲ್ಲ ಕಿತ್ತರು. ಕಸ ತೆರವು ಎಂದು ಬರೆದುಕೊಂಡರಂತೆ. ಮಧ್ಯಾಹ್ನ ಮಸೀದಿಯ ಧ್ವನಿವರ್ಧಕದಲ್ಲಿ ಕೂಗಿದರು: ನಾಳೆ ಬೆಳಿಗ್ಗೆ ಮರಳು ಬೀಳುತ್ತದೆ, ಯಾರೂ ನೀರಿಗೆ ಇಳಿಯಬಾರದು.

ನನ್ನ ಗುಂಡಿಯಲ್ಲಿ ಎಂಟುನೂರು ಸಿಪ್ಪೆ ಇತ್ತು. ಹತ್ತು ತಿಂಗಳು ಆಗಿತ್ತು, ಇನ್ನೊಂದೇ ತಿಂಗಳು. ಬೆಳಿಗ್ಗೆ ಲೈಶಾಗೆ ಮೀನು ತೆಂಗಿನಕಾಯಿ ಕಲಸಿಟ್ಟು, ಶಾಲೆಗೆ ಹೊರಡು ಎಂದು ಹೇಳಿ ನಾನು ನೀರಿಗೆ ಇಳಿದೆ. ಮರಳು ತೋಡಿ, ಕಲ್ಲು ಸರಿಸಿ, ಚಾಪೆ ಎತ್ತಿ ಗುಂಡಿಯೊಳಗೆ ನಿಂತೆ. ಎದೆಯ ತನಕ ನೀರು. ಮುಳುಗಿ ಒಂದೊಂದೇ ಸಿಪ್ಪೆ ಕಿತ್ತು ಬುಟ್ಟಿಗೆ ಹಾಕುತ್ತಿದ್ದೆ. ಕೊಳವೆ ಕೆಮ್ಮಿತು. ಬೂದು ಬಣ್ಣದ ಕೆಸರು ಮರಳು ನೂರಡಿ ದೂರದಲ್ಲಿ ಬೀಳತೊಡಗಿತು. ನೀರು ಹಾಲು ಕಲಸಿದಂತಾಯಿತು. ಕಣ್ಣು ಉರಿಯಿತು. ಸಣ್ಣ ಮೀನುಗಳು ನನ್ನ ಕಾಲಿನ ಸುತ್ತ ಬಂದು ಸೇರಿದವು, ಅವಕ್ಕೂ ಹೋಗಲು ಜಾಗವಿರಲಿಲ್ಲ. ದೋಣಿಯಿಂದ ಯಾರೋ ಕೂಗಿ ಹೊರಗೆ ಬಾ ಎಂದರು. ನಾನು ಮತ್ತೆ ಮುಳುಗಿದೆ. ಬಂದರಿನ ಕಡೆಯ ಹುಡುಗ ಅಫೀಫ್, ಪೊಲೀಸಿನವನು, ಬೂಟು ಸಮೇತ ಇಳಿದು ಬಂದು ನನ್ನ ರಟ್ಟೆ ಹಿಡಿದ. ಇಬ್ಬರು ಸೇರಿ ಎಳೆದರು. ಬುಟ್ಟಿಯನ್ನು ಬಿಡಲಿಲ್ಲ. ದಂಡೆಯ ತನಕ ಅದನ್ನೂ ನನ್ನ ಜೊತೆ ಎಳೆದರು.

ಠಾಣೆ ಎಂದರೆ ಕೌನ್ಸಿಲ್ ಕಚೇರಿಯ ಹಿಂದಿನ ಎರಡು ಕೋಣೆ. ಬೆಂಚಿನ ಮೇಲೆ ಕೂರಿಸಿದರು. ಮೈಯಿಂದ ನೀರು ಇಳಿದು ನೆಲದ ಮೇಲೆ ಹರಿಯಿತು. ಅಫೀಫ್ ಒಂದು ಒಣ ಟವೆಲ್ ತಂದು ಕೊಟ್ಟ. ಆಮೇಲೆ ಫಾರಂ ತೆಗೆದ. ಹೆಸರು ಬರೆದ, ಮನೆಯ ಹೆಸರು ಬರೆದ. ಅಪರಾಧದ ಜಾಗ: ದಕ್ಷಿಣದ ಒಳಗಡಲು. ಆ ಹೊತ್ತಿಗೆ ಆರೋಪಿ ಅಲ್ಲಿ ಏನು ಮಾಡುತ್ತಿದ್ದರು ಎಂಬ ಸಾಲಿನಲ್ಲಿ ಪೆನ್ನು ನಿಂತಿತು.

“ಸುಮ್ನೆ ನಿಂತಿದ್ರು ಅಂತ ಬರೀತೀನಿ ದತ್ತಾ. ಸಹಿ ಹಾಕಿ ಮನೆಗೆ ಹೋಗಿ.”

“ಸುಮ್ನೆ ನಿಂತಿರ್ಲಿಲ್ಲ.”

“ಮತ್ತೆ?”

“ಕೆಲಸ ಮಾಡ್ತಿದ್ದೆ.”

ಅವನು ಪೆನ್ನು ಕೆಳಗಿಟ್ಟ. ಹಾಗೆ ಬರೆಯಲು ಬರುವುದಿಲ್ಲ, ಅಲ್ಲಿ ಯಾರೂ ಕೆಲಸ ಮಾಡುವುದಿಲ್ಲ ಎಂದು ಸರ್ಕಾರದ ವರದಿಯೇ ಇದೆ ಎಂದ. ಹಾಗಾದರೆ ನೀನು ನೀರಿನಿಂದ ಎಳೆದು ತಂದಿದ್ದು ಯಾರನ್ನು ಎಂದು ಕೇಳಿದೆ. ಅವನು ನನ್ನ ಕಾಲ ಬುಡದ ಬುಟ್ಟಿಯನ್ನು ನೋಡಿದ. ವಾಸನೆ ಕೋಣೆಯಲ್ಲೆಲ್ಲ ತುಂಬಿತ್ತು. ಕಿಟಕಿ ತೆರೆದ. ಕಿಟಕಿಯಿಂದ ಪಂಪಿನ ಸದ್ದು ಒಳಗೆ ಬಂತು. ನನ್ನ ಗುಂಡಿ ಈಗ ಸೊಂಟಕ್ಕೆ ತುಂಬಿರುತ್ತದೆ, ಈಗ ಎದೆಗೆ, ಎಂದು ನಾನು ಕೂತಲ್ಲೇ ಲೆಕ್ಕ ಹಾಕುತ್ತಿದ್ದೆ. ಆ ಸಾಲು ಸರಿಯಾಗದೆ ಸಹಿ ಹಾಕುವುದಿಲ್ಲ, ಏಳುವುದೂ ಇಲ್ಲ ಎಂದೆ.

ಮಧ್ಯಾಹ್ನದ ನಮಾಜು ಆಯಿತು. ಲೈಶಾ ಶಾಲೆಯಿಂದ ನೇರ ಬಂದು ರೊಟ್ಟಿ ಕೊಟ್ಟು ಬಾಗಿಲ ಹೊರಗೆ ಕೂತಳು. ಅಫೀಫ್ ಮೇಲಿನವರಿಗೆ ಫೋನು ಮಾಡಿದ. ಮೇಲಿನವರು ದೂರದ ದ್ವೀಪದಲ್ಲಿ ಊಟಕ್ಕೆ ಕೂತಿದ್ದರು. ವರದಿಯ ವಿಷಯ ಅವರಿಗೆ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಆ ಹೆಂಗಸು ಹೇಳಿದ್ದನ್ನು ಬರ್ಕೊಂಡು ಸಹಿ ತಗೊಂಡು ಮುಗಿಸು ಮಾರಾಯ ಎಂದು ಬೈದದ್ದು ನನಗೂ ಕೇಳಿಸಿತು.

ಅವನು ಬರೆದ. ನಾನು ಗಟ್ಟಿಯಾಗಿ ಓದಿಸಿದೆ. ‘ಆರೋಪಿಯು ದಕ್ಷಿಣದ ಒಳಗಡಲಿನ ತನ್ನ ಗುಂಡಿಯಲ್ಲಿ ಸಿಪ್ಪೆ ತೆಗೆಯುವ ಕೆಲಸ ಮಾಡುತ್ತಿದ್ದರು.’

“ಎಷ್ಟು ವರ್ಷದಿಂದ ಅಂತಾನೂ ಹಾಕು,” ಎಂದೆ. “ಇಪ್ಪತ್ತೊಂಬತ್ತು.”

“ಅದಕ್ಕೆ ಇಲ್ಲಿ ಜಾಗ ಇಲ್ಲ ದತ್ತಾ.”

“ಪಕ್ಕದಲ್ಲಿ ಹಾಕು. ಅದಕ್ಕೂ ಮುಂಚೆ ನನ್ನಮ್ಮ. ಸಕೀನಾ.”

ಅವನು ಅಂಚಿನಲ್ಲಿ ಚಿಕ್ಕ ಅಕ್ಷರದಲ್ಲಿ ಹಾಕಿದ. ನಾನು ಸಹಿ ಮಾಡಿದೆ. ಅದರಲ್ಲಿ ನನ್ನದು ಅಪರಾಧ ಎಂದಿತ್ತು. ಇರಲಿ. ನಾನು ಅಲ್ಲಿದ್ದೆ ಎಂದೂ ಇತ್ತು, ಸರ್ಕಾರದ ಮುದ್ರೆಯ ಕೆಳಗೆ.

ಹೊರಗೆ ಕೂತಿದ್ದ ಲೈಶಾ ಅದನ್ನು ಕೇಳಿಸಿಕೊಂಡಿದ್ದಳು. ಅವಳು ಎದ್ದು ಓಡಿದ್ದು ಯಾಕೆಂದು ನನಗೆ ಆಮೇಲೆ ತಿಳಿಯಿತು. ಅರ್ಧ ಗಂಟೆಯಲ್ಲಿ ಅಂಗಳದಲ್ಲಿ ಚಪ್ಪಲಿಗಳ ಸದ್ದು. ಹವ್ವಾ ದತ್ತಾ ಒಳಗೆ ಬಂದು ಅಫೀಫನ ಎದುರಿನ ಕುರ್ಚಿಯಲ್ಲಿ ಕೂತಳು. ಮೈಗೆ ಒಣ ಬಟ್ಟೆ ಉಟ್ಟಿದ್ದಳು, ತಲೆಯ ವಸ್ತ್ರ ಬಿಗಿಯಾಗಿ ಕಟ್ಟಿದ್ದಳು.

“ನನ್ನದೂ ಬರ್ಕೋ ಮಗಾ,” ಎಂದಳು. “ನಾನು ಐವತ್ತೆಂಟು ವರ್ಷದಿಂದ ಅಲ್ಲಿ ಅಪರಾಧ ಮಾಡ್ತಿದ್ದೀನಿ.”

ನಿಮ್ಮನ್ನು ಯಾರು ಹಿಡಿದಿದ್ದಾರೆ, ಮನೆಗೆ ಹೋಗಿ ಎಂದು ಅವನು ಬೇಡಿಕೊಂಡ. ಅವಳ ಹಿಂದೆ ಇನ್ನೊಬ್ಬಳು ನಿಂತಿದ್ದಳು. ಅವಳ ಹಿಂದೆ ಮತ್ತೊಬ್ಬಳು. ಸಾಲು ಬಾಗಿಲು ದಾಟಿ, ಕೌನ್ಸಿಲ್ ಕಚೇರಿಯ ಮೆಟ್ಟಿಲು ಇಳಿದು ರಸ್ತೆಗೆ ಹೋಗಿತ್ತು. ಹೊಲಿಗೆ ಯಂತ್ರ ತೆಗೆದುಕೊಂಡವರೂ ಇದ್ದರು. ಶಿಯಾಮ್ ಕಿಟಕಿಯಿಂದ ಇಣುಕಿ ನೋಡಿ ಒಳಗೆ ಹೋದ.

ಅಫೀಫ್ ಬರೆಯತೊಡಗಿದ. ಹದಿನಾರನೇ ಹೆಂಗಸಿನ ಹೊತ್ತಿಗೆ ಠಾಣೆಯಲ್ಲಿದ್ದ ಫಾರಂ ಮುಗಿದವು. ಎರಡೂ ಕೈ ಮೇಜಿನ ಮೇಲೆ ಹರವಿ ತೋರಿಸಿದ, ಇನ್ನಿಲ್ಲ ದತ್ತಾ ಎಂದ.

“ತರಿಸು,” ಎಂದಳು ಹವ್ವಾ ದತ್ತಾ. “ನಾವು ಕೂತಿರ್ತೀವಿ.”